ಇವತ್ತು ಎಷ್ಟು ಸತ್ತವು?

ಮೇಡಂ ತೀರಿಕೊಂಡ ದಿನದ ಡೈರಿಯಲ್ಲಿ ನಾನು ಬರೆದಿರುವುದು ಎರಡೇ ಸಾಲು. ಬೆಳಿಗ್ಗೆ ಸುದ್ದಿ ಬಂತು. ಮೈಸೂರಿನಿಂದ ಹುಣಸೂರಿಗೆ ಮೊದಲು ಸಿಕ್ಕ ಬಸ್ಸು ಹತ್ತಿದೆ. ಅತ್ತೆನೋ ಇಲ್ಲವೋ ಬರೆದಿಲ್ಲ. ಅತ್ತಿರಲಿಲ್ಲ. ಬಸ್ಸಿನಲ್ಲಿ ಪಿಯುಸಿಯ ಹಳೆಯ ಸಹಪಾಠಿಯೊಬ್ಬ ಸಿಕ್ಕ. ಅವನೂ ಅಲ್ಲಿಗೇ ಹೊರಟಿದ್ದ. "ಅಳೋದೆಲ್ಲಾ ಸೆಕೆಂಡ್ ಪಿಯುಸಿಲೇ ಮುಗಿಸ್ಬುಟ್ಟಿದೀವಿ ಕಣೇ, ಇನ್ನೇನ್ ಉಳಿದದೆ" ಎಂದು ನಕ್ಕ. ಬಿಳಿಕೆರೆ ದಾಟುವವರೆಗೂ ನಗುತ್ತಲೇ ಇದ್ದ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತ.

ಮೇಡಂ ಹುಣಸೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಹೊಳೆಯ ಕಡೆಗಿನ ಬೀದಿಯಲ್ಲಿ ಒಬ್ಬರೇ ಇದ್ದರು. ತವರು ಕಟ್ಟೆಮಳಲವಾಡಿ, ಅಲ್ಲಿ ತಮ್ಮನಿಗೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಬಿಳಿ ಸೀರೆ ಉಡುತ್ತಿರಲಿಲ್ಲ, ಕನ್ನಡಕದ ಮೇಲಿಂದ ನೋಡುತ್ತಿರಲಿಲ್ಲ, ಕೈಯಲ್ಲಿ ಕೋಲೂ ಇರಲಿಲ್ಲ. ಬಾಯಿಯೊಂದೇ ಸಾಕಾಗಿತ್ತು.

ನಡೆದದ್ದನ್ನು ಬರೆದಿಟ್ಟು ಎಣಿಸುವ ಚಟ ನನಗೆ ಆಗಿನಿಂದಲೇ ಇದೆ. ಪಿಯುಸಿಯ ಎರಡು ವರ್ಷ ಡೈರಿಯ ಹಿಂದಿನ ಹಾಳೆಯಲ್ಲಿ ಎರಡು ಕಾಲಂ ಎಳೆದಿದ್ದೆ: ಮೇಡಂ ಬೈದದ್ದು, ಮೇಡಂ ಹೊಗಳಿದ್ದು. ಮೊದಲನೆಯದು ಹಾಳೆ ದಾಟಿ ರಟ್ಟಿನ ಮೇಲಕ್ಕೆ ಹೋಯಿತು. ಎರಡನೆಯದರಲ್ಲಿ ಒಂದು ಗೆರೆಯೂ ಬೀಳಲಿಲ್ಲ.

ಬೈಗುಳದಲ್ಲಿ ಅವರು ಯಾರಿಗೂ ಹಳೆಯ ಮಾಲು ಕೊಡುತ್ತಿರಲಿಲ್ಲ. ಪ್ರತಿಯೊಬ್ಬರ ಅಳತೆಗೆ ಹೊಲಿದು ಕೊಡುತ್ತಿದ್ದರು. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗನನ್ನು ಎಬ್ಬಿಸಿ, "ನಿಮ್ಮಪ್ಪ ಹೊಗೇಲಿ ಬೆಂದು ಸೊಪ್ಪು ಮಾರಿ ನಿನ್ನ ಕಳಿಸಿದಾನೆ. ನೀನು ಇಲ್ಲಿ ಕೂತು ಅವನನ್ನೇ ಸೇದ್ತಾ ಇದೀಯ" ಅಂದರು. ಆ ಹುಡುಗ ಮರುದಿನವೇ ಕಲಾ ವಿಭಾಗಕ್ಕೆ ಹೋದ. ಡಾಕ್ಟರಾಗುತ್ತೇನೆ ಎಂದವಳಿಗೆ, "ಆಗು. ನಾನು ಬೇರೆ ಊರಲ್ಲಿ ಸಾಯ್ತೀನಿ" ಅಂದರು. ನನ್ನ ರೆಕಾರ್ಡ್ ಪುಸ್ತಕ ತಿರುವಿ ನೋಡಿ, "ಅಕ್ಷರ ಚೆನ್ನಾಗಿದೆ. ಗೆರೆ ಚೆನ್ನಾಗಿದೆ. ತಲೆ ಎಲ್ಲಿಟ್ಟಿದೀಯ? ಗುಮಾಸ್ತೆ ಆಗ್ತೀಯ ಬಿಡು" ಎಂದು ಕಿಟಕಿಯಿಂದ ಆಚೆ ಹಾಕಿದರು. ಅಂಗಳಕ್ಕೆ ಹೋಗಿ ಎತ್ತಿಕೊಂಡು ಬಂದೆ. ಕಿಟಕಿಯಿಂದ ಎಸೆದ ಪುಸ್ತಕವನ್ನು ಎತ್ತಿಕೊಂಡು ಬರದವರಿಗೆ ಆಮೇಲೆ ಅವರು ಬೈಯುತ್ತಲೂ ಇರಲಿಲ್ಲ. ಅದು ಇನ್ನೂ ಕೆಟ್ಟದ್ದು.

ವರ್ಷಕ್ಕೊಮ್ಮೆ, ಸೊಪ್ಪು ಎದೆಯೆತ್ತರ ಬಂದಾಗ, ತರಗತಿಯನ್ನು ತಮ್ಮನ ಹೊಲಕ್ಕೆ ಕರೆದೊಯ್ಯುತ್ತಿದ್ದರು. ಹೊಗೆಸೊಪ್ಪಿನ ಗಿಡದ ತುದಿಯಲ್ಲಿ ತಿಳಿಗುಲಾಬಿ ಹೂವು ಬರುತ್ತದೆ. ಹೂವು ಬಿಟ್ಟರೆ ಎಲೆ ದಪ್ಪವಾಗುವುದಿಲ್ಲ ಎಂದು ತಲೆಯನ್ನೇ ಮುರಿಯುತ್ತಾರೆ. "ಚೆಂದ ಇದೆ ಅಂತ ನೋಡ್ತಾ ನಿಂತೋರು ಬಸ್ ಹತ್ತಿ. ಮುರೀರಿ" ಎನ್ನುತ್ತಿದ್ದರು. ತಲೆ ಮುರಿದ ಮೇಲೆ ಪ್ರತಿ ಎಲೆಯ ಕಂಕುಳಲ್ಲಿ ಪುಟ್ಟ ಕುಡಿ ಒಡೆಯುತ್ತದೆ. ಅದನ್ನು ಮುರಿಯುತ್ತಲೇ ಇರಬೇಕು. ಅವರು ಒಂದು ಕುಡಿಯನ್ನು ಚಿವುಟಿ ನಮ್ಮ ಮುಖಕ್ಕೆ ಹಿಡಿದು ಹೇಳಿದ್ದು ನನಗೆ ನೆನಪಿದೆ.

"ನಿಮ್ಮ ಮೈಯಲ್ಲಿ ದಿನಾ ಇಂಥ ಕೆಟ್ಟ ಕುಡಿ ಒಡೀತಾವೆ. ಪ್ರತಿ ಜೀವಕೋಶದಲ್ಲೂ ಒಂದು ಕಾವಲಿನ ಜೀನ್ ಇದೆ. ಟ್ಯೂಮರ್ ಸಪ್ರೆಸರ್ ಅಂತಾರೆ. ಕೋಶ ಹಾಳಾಯ್ತು ಅಂತ ಗೊತ್ತಾದ್ರೆ ರಿಪೇರಿಗೆ ಹೇಳುತ್ತೆ. ರಿಪೇರಿ ಆಗಲ್ಲ ಅಂದ್ರೆ ಸಾಯಿ ಅನ್ನುತ್ತೆ. ಕೋಶ ಸಾಯುತ್ತೆ. ಆ ಕಾವಲು ಕೆಟ್ಟ ದಿನ ಹೊಲ ಹೋಯ್ತು. ಅದಕ್ಕೆ ಕ್ಯಾನ್ಸರ್ ಅಂತಾರೆ. ಅರ್ಥ ಆಯ್ತಾ? ಅಳೋ ಮುಖ ಮಾಡ್ಬೇಡಿ. ನಿಮ್ಮ ಮೈಯಲ್ಲಿ ಸಾಯಿ ಅನ್ನೋರು ಒಬ್ಬರು ಇರೋದ್ರಿಂದಾನೇ ನೀವು ಬದುಕಿರೋದು."

ಆ ದಿನ ಬೆಳಗಿನ ಮಂಜಿಗೆ ಎಲೆಗಳು ಒದ್ದೆಯಾಗಿದ್ದವು. ಮುರಿಯುತ್ತಾ ಮುರಿಯುತ್ತಾ ನನಗೆ ತಲೆ ತಿರುಗಿ, ಸಾಲಿನ ನಡುವೆಯೇ ವಾಂತಿಯಾಯಿತು. ಮೇಡಂ ಅವರ ತಮ್ಮ ಓಡಿ ಬಂದ. ತೆಳ್ಳಗಿನ, ಮೆತ್ತನೆಯ ಮಾತಿನ ಮನುಷ್ಯ. "ಏನಿಲ್ಲ ಕಣವ್ವ, ಸೊಪ್ ಇಡ್ದದೆ. ಅಸಿ ಸೊಪ್ಪಿನ ರಸ ಕೈಗೆ ಇಳಿದ್ರೆ ಇಂಗೇಯ. ನಮ್ಗೆಲ್ಲ ವರ್ಸಾ ವರ್ಸಾ ಆಯ್ತದೆ. ನಾಳೀಕ್ ಸರಿ ಓಯ್ತದೆ" ಎಂದು ನಿಂಬೆಹಣ್ಣು ಹಿಂಡಿದ ನೀರು ಕೊಟ್ಟ. ಮೇಡಂ ದೂರದಿಂದಲೇ, "ಬಣ್ಣ ಏನು, ವಾಸನೆ ಏನು, ಅದನ್ನೂ ರೆಕಾರ್ಡಲ್ಲಿ ಬರಿ" ಎಂದರು. ಬರೆದೆ.

ನಿವೃತ್ತಿಯಾದ ಮರುವರ್ಷ ಅವರಿಗೆ ಯಕೃತ್ತಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಗಡ್ಡೆ ರಕ್ತನಾಳಕ್ಕೆ ನುಗ್ಗಿತ್ತು. ಕತ್ತರಿಸಿ ತೆಗೆಯಲು ಆಗುವಂತಿರಲಿಲ್ಲ. ಕಾರಣ ಹೆಪಟೈಟಿಸ್ ಬಿ ವೈರಸ್. ಹುಟ್ಟುವಾಗಲೇ ತಾಯಿಯಿಂದ ಬಂದು, ಅಷ್ಟು ವರ್ಷ ಸದ್ದಿಲ್ಲದೆ ಕೂತಿತ್ತು. ಆದರೆ ಹುಣಸೂರಿನಲ್ಲಿ ಲಿವರ್ ಎಂದರೆ ಜನಕ್ಕೆ ಗೊತ್ತಿರುವ ಕಾರಣ ಒಂದೇ. ಒಬ್ಬರೇ ಇದ್ದರಲ್ಲ, ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದರಂತೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ಹುಟ್ಟಿ ಬಸ್ ಸ್ಟ್ಯಾಂಡಿನವರೆಗೆ ಬೆಳೆಯಿತು.

ಹಳೆಯ ಸಹೋದ್ಯೋಗಿಗಳು ಮೂಸಂಬಿ ಹಿಡಿದುಕೊಂಡು ನೋಡಲು ಬಂದ ದಿನ ನಾನು ಅಲ್ಲೇ ಇದ್ದೆ. ಮೇಡಂ ಒಳಗೆ ಹೋಗಿ ಸಣ್ಣ ಗಾಜಿನ ಲೋಟಗಳಲ್ಲಿ ದ್ರಾಕ್ಷಿ ಶರಬತ್ತು ತಂದು ಸಾಲಾಗಿ ಇಟ್ಟರು. ಹಿರಿಯ ಮೇಷ್ಟರೊಬ್ಬರು ಕೈ ಚಾಚಿದಾಗ, "ನಿಮಗೆ ನೀರಾ, ಸೋಡಾನಾ?" ಎಂದು ಕೇಳಿದರು. ಮೇಷ್ಟರ ಕೈ ಅಲ್ಲೇ ನಿಂತಿತು. "ಕುಡೀರಿ ಸಾರ್. ಮನೇಲಿ ಯಾವಾಗಲೂ ಸ್ಟಾಕ್ ಇರುತ್ತೆ ಅಂತ ನೀವೇ ಹೇಳ್ತಾ ಇದ್ರಂತಲ್ಲ." ಯಾರೂ ಕುಡಿಯಲಿಲ್ಲ. ಅವರು ಹೋದ ಮೇಲೆ ಶರಬತ್ತನ್ನು ಜಗ್ಗಿಗೆ ಸುರಿಯುತ್ತಾ, "ಎಲ್ಲಾ ಉಳೀತು. ನೀನು ಕುಡಿ" ಎಂದರು.

ಆ ಹೊತ್ತಿಗೆ ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ನನ್ನ ಕೆಲಸವೂ ಲಿವರ್ ಕ್ಯಾನ್ಸರಿನದೇ. ಇದನ್ನು ಕೇಳಿದಾಗ ಮೇಡಂ ಮುಖ ಅರಳಿತು. ನನ್ನ ಮೇಲಿನ ಅಭಿಮಾನದಿಂದಲ್ಲ, ಕೆಣಕಲು ಹೊಸದೊಂದು ಸಿಕ್ಕಿತೆಂದು. ಭಾನುವಾರಗಳಂದು ನಾನು ಊರಿಗೆ ಬಂದಾಗ ಹೋಗಿ ಪಾಠ ಒಪ್ಪಿಸಬೇಕಾಗಿತ್ತು.

"ಕಾವಲಿನ ಜೀನ್ ಕೆಟ್ಟಿದೆ. ಏನ್ ಮಾಡ್ತೀರ ನೀವು?"

"ಎರಡು ದಾರಿ ಮೇಡಂ. ಒಂದು, ಸರಿ ಇರೋ ಕಾವಲಿನ ಜೀನನ್ನ ಮತ್ತೆ ಒಳಗೆ ಕಳಿಸೋದು. ಇನ್ನೊಂದು, ಸೂಸೈಡ್ ಜೀನ್. ಹರ್ಪಿಸ್ ವೈರಸ್ಸಿಂದ ತೆಗೆದ ಒಂದು ಜೀನನ್ನ ಕ್ಯಾನ್ಸರ್ ಕೋಶಕ್ಕೆ ಸೇರಿಸ್ತೀವಿ. ಅದು ಇದ್ದಷ್ಟಕ್ಕೆ ಏನೂ ಮಾಡಲ್ಲ. ಆಮೇಲೆ ಒಂದು ಔಷಧಿ ಹಾಕ್ತೀವಿ. ಅದೂ ಇದ್ದಷ್ಟಕ್ಕೆ ಏನೂ ಮಾಡಲ್ಲ. ಜೀನ್ ಇರೋ ಕೋಶ ಆ ಔಷಧೀನ ತಾನೇ ವಿಷ ಮಾಡ್ಕೊಂಡು ಸಾಯುತ್ತೆ."

"ಅಂದ್ರೆ ವಿಷ ಹಾಕೋ ಪಾಪ ನಿಮಗೆ ಬರಬಾರದು."

"ಹಂಗಲ್ಲ ಮೇಡಂ..."

"ಹಂಗೇ. ಮುಂದೆ?"

"ನಾನು ಅವನ್ನ ಎಣಿಸ್ತೀನಿ. ನೀಲಿ ಬಣ್ಣ ಹಾಕಿದ್ರೆ ಸತ್ತ ಕೋಶ ನೀಲಿ ಆಗುತ್ತೆ, ಬದುಕಿರೋದು ಆಗಲ್ಲ. ಮೈಕ್ರೋಸ್ಕೋಪಲ್ಲಿ ನೋಡಿ ಎರಡನ್ನೂ ಬರ್ಕೋತೀನಿ."

ಮೇಡಂ ಬಹಳ ಹೊತ್ತು ನಕ್ಕರು. ನಗುವಾಗ ಬಲಪಕ್ಕೆ ಹಿಡಿದುಕೊಳ್ಳುತ್ತಿದ್ದರು. "ಗುಮಾಸ್ತೆ ಆಗ್ತೀಯ ಅಂದಿರಲಿಲ್ವಾ? ಯಮನ ಆಫೀಸಲ್ಲೇ ಸಿಕ್ಕಿದೆ ನೋಡು ಕೆಲಸ."

ಅಂದಿನಿಂದ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ಎಷ್ಟು ಸತ್ತವು?" ಭಾನುವಾರ ರಜೆ, ಮೇಡಂ, ಎಂದರೆ, "ನನ್ನವಕ್ಕೆ ರಜೆ ಇಲ್ಲ" ಎನ್ನುತ್ತಿದ್ದರು.

ಒಂದು ಸಲ ಮಾತ್ರ ನನ್ನ ಉತ್ತರ ಅವರನ್ನು ತಡೆದು ನಿಲ್ಲಿಸಿತು. ಜೀನ್ ಹೊಕ್ಕ ಕೋಶಗಳಿಗಿಂತ ಸತ್ತ ಕೋಶಗಳು ಹೆಚ್ಚಿದ್ದವು ಎಂದೆ. ಅದು ಹೇಗೆ ಎಂದರು. ಸಾಯುವ ಕೋಶದಲ್ಲಿ ಹುಟ್ಟಿದ ವಿಷ ಪಕ್ಕದ ಕೋಶಕ್ಕೂ ದಾಟುತ್ತದೆ. ಜೀನ್ ಇಲ್ಲದ ನೆರೆಯವೂ ಸಾಯುತ್ತವೆ ಎಂದು ವಿವರಿಸಿದೆ.

"ನೆರೆಯವು ಏನು ಮಾಡಿದ್ವು?"

"ಪಕ್ಕದಲ್ಲಿದ್ವು."

"ಅಷ್ಟೇನಾ?"

"ಅಷ್ಟೇ ಮೇಡಂ. ಅವು ಸಾಯೋದ್ರಿಂದಾನೇ ಈ ಚಿಕಿತ್ಸೆಗೆ ಬಲ. ಎಲ್ಲಾ ಕೋಶಕ್ಕೂ ಜೀನ್ ತಲುಪಿಸೋಕೆ ಯಾರಿಗೂ ಆಗಲ್ಲ."

"ಇದು ನನಗೆ ಸಿಗುತ್ತಾ?" ಎಂದು ಕೇಳಿದರು. ಆ ಮಾತನ್ನು ಅವರು ಕೇಳಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ಲ್ಯಾಬಿನ ತಟ್ಟೆಯೊಳಗಿನ ಕೋಶಕ್ಕೆ ಜೀನ್ ಮುಟ್ಟಿಸುವುದು ಬೇರೆ, ಮನುಷ್ಯನ ಯಕೃತ್ತಿನ ತುಂಬ ಮುಟ್ಟಿಸುವುದು ಬೇರೆ. ಇನ್ನೂ ಪರೀಕ್ಷೆಯ ಹಂತದಲ್ಲಿರುವ ಮಾತು ಅದು. ನೋಡೋಣ ಮೇಡಂ, ವಿಚಾರಿಸ್ತೀನಿ ಮೇಡಂ ಎಂದು ಹೇಳಬಹುದಿತ್ತು.

"ಇಲ್ಲ ಮೇಡಂ" ಎಂದೆ.

"ಪೂರ್ತಿ ಅಂಕ" ಎಂದರು. ಆ ರಾತ್ರಿ ಡೈರಿಯ ಹಿಂದಿನ ಹಾಳೆಯಲ್ಲಿ ಮತ್ತೆ ಎರಡು ಕಾಲಂ ಎಳೆದೆ. ಎರಡನೆಯದರಲ್ಲಿ ಒಂದು ಗೆರೆ ಹಾಕಬೇಕೆಂದು ಪೆನ್ನು ಹಿಡಿದೆ. ಹಾಕಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ತಮ್ಮನ ಹೆಂಡತಿ ಬಂದಳು. ಮಗಳು ದಿವ್ಯಳಿಗೆ ಪಿರಿಯಾಪಟ್ಟಣದ ಕಡೆಯ ಗಂಡು ಗೊತ್ತಾಗಿದೆ, ಏಪ್ರಿಲ್‌ನಲ್ಲಿ ನಿಶ್ಚಿತಾರ್ಥ, ಮುಂದಿನ ಬೆಳೆಯ ಸೊಪ್ಪು ಮಾರಾಟವಾದ ಮೇಲೆ ಮದುವೆ ಎಂದು ಹೇಳಲು ಬಂದಿದ್ದಳು. ಬಾಗಿಲ ಹತ್ತಿರವೇ ಕೂತಳು. ಕಾಫಿ ಬೇಡ ಎಂದಳು. ಮೇಡಂ ಮನೆಯ ಲೋಟ ಮುಟ್ಟಿದರೆ ರೋಗ ಬರುತ್ತದೆಂದು ಆ ಮನೆಯವರು ನಂಬಿದ್ದರು.

"ನಿಮ್ ತಮ್ಮನೂ ಬರೋರು. ಎದ್ದು ಓಡಾಡಕಾಯ್ತಾ ಇಲ್ಲ ಅತ್ಗೆ. ಉಂಡಿದ್ದೆಲ್ಲಾ ಕಕ್ಕತಾರೆ. ಸೊಪ್ ಇಡ್ದಿದ್ದು ಇನ್ನೂ ಬುಟ್ಟೇ ಇಲ್ಲ."

ಮೇಡಂ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ಸೊಪ್ಪು ಮುರಿದು ಎಷ್ಟು ಕಾಲ ಆಯ್ತೇ?"

"ದಸರಾಕೆ ಮುಂಚೇನೇ ಆಯ್ತಲ್ಲ."

"ಈಗ ಹೊಲದಲ್ಲಿ ಏನಿದೆ?"

"ಏನೂ ಇಲ್ಲ. ಸಸಿ ಮಡಿಗೆ ಇನ್ನೂ ಬೀಜಾನೇ ಆಕಿಲ್ಲ."

"ಹಸಿ ಎಲೇನೇ ಇಲ್ಲದೆ ಅವನಿಗೆ ಯಾವ ಸೊಪ್ಪು ಹಿಡಿದಿದೆ? ಒಂದು ದಿನಕ್ಕೆ ಬಿಡೋದು ಅದು."

ಅವಳಿಗೆ ಅರ್ಥವಾಗಲಿಲ್ಲ. ಆ ಸೀಮೆಯಲ್ಲಿ ವಾಂತಿ ಎಂದರೆ ಸೊಪ್ಪು. ಇನ್ನೊಂದು ಕಾರಣವನ್ನು ಯಾರೂ ಹುಡುಕುವುದಿಲ್ಲ. ಅವಳು ಹೋದ ಮೇಲೆ ಮೇಡಂ ಫೋನ್ ತೆಗೆದುಕೊಂಡರು. ಮೊದಲಿಗೆ ಅವರ ದನಿ ಮೆತ್ತಗೇ ಇತ್ತು. ನಮ್ಮವ್ವನಿಂದ ನನಗೆ ಬಂದದ್ದು ನಿನಗೂ ಬಂದಿರುತ್ತೆ ಕಣೋ, ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಅಷ್ಟೇ ಎಂದರು. ಫೋನಿನ ಆಚೆಯ ದನಿ ನನಗೂ ಕೇಳಿಸುತ್ತಿತ್ತು.

"ನಿನ್ ರೋಗನ ನಮ್ಮನೆ ಬಾಗ್ಲಿಗ್ ತರಬ್ಯಾಡ ಅಕ್ಕ. ಎಣ್ಣಿನ್ ಮದ್ವೆ ಅದೆ. ಅದು ಮುಗೀಲಿ, ಆಮ್ಯಾಲೆ ನೋಡುಮ."

"ಮದುವೆಗೆ ಒಂದು ವರ್ಷ ಇದೆ. ಗಡ್ಡೆ ನಿನ್ನ ಮಗಳ ಲಗ್ನಪತ್ರಿಕೆ ನೋಡ್ಕೊಂಡು ಬೆಳೆಯಲ್ಲ ಕಣೋ. ನನ್ನ ನೋಡು. ಒಂದು ವರ್ಷ ಮುಂಚೆ ಗೊತ್ತಾಗಿದ್ರೆ ಕತ್ತರಿಸಿ ಬಿಸಾಕ್ತಿದ್ರು."

ಆ ಕಡೆ ಫೋನ್ ಇಟ್ಟಾಗಿತ್ತು. ಮೇಡಂ ಮಾರ್ಚ್‌ನಲ್ಲಿ ಮತ್ತೆ ಮಾಡಿದರು. ನನ್ನ ಕೈಯಲ್ಲೂ ಮಾಡಿಸಿದರು. ಕೊನೆಗೆ ಅವನು ಅವರ ನಂಬರನ್ನೇ ಬ್ಲಾಕ್ ಮಾಡಿದ.

ನಿಶ್ಚಿತಾರ್ಥದ ದಿನ ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬರಲು ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಮೇಡಂ ನನ್ನನ್ನು ಕರೆಸಿ, ಆಟೋ ಹಿಡಿಸಿ ಹೊರಟರು. ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಮನೆಯ ಮುಂದೆ ಶಾಮಿಯಾನ. ಒಳಗೆ ಗಂಡಿನ ಕಡೆಯವರಿಗೆ ಸ್ಟೀಲ್ ಲೋಟಗಳಲ್ಲಿ ಕಾಫಿ ಬಂತು, ಮೇಡಂಗೆ ಕಾಗದದ ಕಪ್ಪಿನಲ್ಲಿ. ಅದನ್ನು ಎತ್ತಿ ಹಿಡಿದು ತಮ್ಮನನ್ನು ಕರೆದರು. ತರಗತಿಯ ಕೊನೆಯ ಬೆಂಚಿಗೆ ಕೇಳುತ್ತಿದ್ದ ಅದೇ ದನಿ.

"ಇದರಲ್ಲಿ ಅಂಟಲ್ಲ ಕಣೋ ಅದು. ಅಂಟಬೇಕಾದೋರಿಗೆ ಹುಟ್ಟುವಾಗಲೇ ಅಂಟಿದೆ. ರಕ್ತಪರೀಕ್ಷೆ ಮಾಡಿಸ್ದ್ಯಾ?"

"ಅಕ್ಕ, ಒಳೀಕ್ ನಡಿ. ಕಾಲ್ ಇಡ್ಕತೀನಿ."

"ಕಾಲು ಯಾಕೆ? ತೋಳು ಚಾಚು. ಸೂಜಿ ಚುಚ್ಚೋದು ಅಲ್ಲಿಗೆ."

ಗಂಡಿನ ಸೋದರಮಾವ ವೀಳ್ಯದೆಲೆಯ ತಟ್ಟೆ ಕೆಳಗಿಟ್ಟ. "ಏನ್ ಕಾಯ್ಲೆ ಅಮ್ಮ ಅದು?"

ಮೇಡಂ ಹೇಳಿದರು. ಒಂದನ್ನೂ ಬಿಡದೆ, ಕ್ರಮವಾಗಿ, ಪಾಠದಂತೆ ಹೇಳಿದರು. ಈ ಮನೆಯ ತಾಯಿಗಿತ್ತು. ಅವರಿಂದ ನನಗೆ ಬಂತು, ನಾನು ಸಾಯುತ್ತಿದ್ದೇನೆ. ಇವನಿಗೂ ಬಂದಿರಬೇಕು, ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಹುಡುಗಿಗೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಆ ಕೊನೆಯ ಮಾತಿಗೆ ಶಾಮಿಯಾನದ ಕೆಳಗೆ ಕುರ್ಚಿಗಳು ಸರಿದ ಸದ್ದು ಎದ್ದಿತು. ನಾನು ಅವರ ಕಿವಿಯಲ್ಲಿ, "ಲಸಿಕೆ ಇದೆ ಅಂತ ಹೇಳಿ ಮೇಡಂ" ಎಂದೆ. ಅವರು ಅದನ್ನೂ ಹೇಳಿದರು. ಅಷ್ಟರಲ್ಲಿ ಕೇಳುವವರು ಚಪ್ಪಲಿ ಹುಡುಕುತ್ತಿದ್ದರು.

"ರಿಪೋರ್ಟ್ ತಗಬನ್ನಿ, ಆಮ್ಯಾಲೆ ಮಾತಾಡುವ" ಎಂದು ಸೋದರಮಾವ ಹೊರಟ. ದಿವ್ಯ ಹೊಸಿಲ ಒಳಗೆ ನಿಂತಿದ್ದಳು. ತಲೆ ತುಂಬ ಮಲ್ಲಿಗೆ ಮುಡಿದಿದ್ದಳು. ಅಪ್ಪ ಅಂಗಳದಲ್ಲಿ ಕುಸಿದು ಕೂತ. "ಸಾಯೋ ಕಾಲ್ದಲ್ಲೂ ವಿಸ ಕಕ್ಕಿಬುಟ್ಟಲ್ಲೇ" ಎಂದು ಒಂದೇ ಮಾತು ಅಂದ. ಮೇಡಂ ಕಾಗದದ ಕಪ್ಪಿನ ಕಾಫಿಯನ್ನು ಪೂರ್ತಿ ಕುಡಿದು, ಕಪ್ಪನ್ನು ಮಡಿಸಿ ನನ್ನ ಕೈಗೆ ಕೊಟ್ಟು ಎದ್ದರು.

ಆಟೋ ಹುಣಸೂರಿನ ಸೇತುವೆಗೆ ಬಂದಾಗ, ನನ್ನ ಕಡೆ ತಿರುಗದೆ ಕೇಳಿದರು: "ಇವತ್ತು ಎಷ್ಟು ಸತ್ತವು?"

ಅವರಿಗೆ ನಾನು ಉತ್ತರ ಕೊಡದೆ ಹೋದದ್ದು ಅದೊಂದೇ ಸಲ.

ಅಕ್ಕ ಹೇಳಿದ್ದಕ್ಕೆ ಅವನು ಪರೀಕ್ಷೆ ಮಾಡಿಸಲಿಲ್ಲ. ಅಕ್ಕನ ಮಾತು ಸುಳ್ಳೆಂದು ಪಿರಿಯಾಪಟ್ಟಣದವರಿಗೆ ತೋರಿಸಲು ಮನೆಯವರನ್ನೆಲ್ಲ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದು ಮಾಡಿಸಿದ. ದಿವ್ಯಳ ರಕ್ತದಲ್ಲಿ ಏನೂ ಇರಲಿಲ್ಲ. ಅವನ ರಕ್ತದಲ್ಲಿ ವೈರಸ್ ಇತ್ತು. ಯಕೃತ್ತಿನ ಒಂದು ಅಂಚಿನಲ್ಲಿ ಗಡ್ಡೆ ಇತ್ತು. ಇನ್ನೂ ಚಿಕ್ಕದು, ಕತ್ತರಿಸಬಹುದು ಎಂದರು. ಕತ್ತರಿಸಿದರು. ದಿವ್ಯಳ ರಿಪೋರ್ಟ್ ನೋಡಿಯೂ ಗಂಡಿನವರು ಬರಲಿಲ್ಲ. ಹುಡುಗಿ ಸರಿ ಇದ್ದಾಳೆ, ಆ ಮನೆ ಸರಿ ಇಲ್ಲ ಎಂದು ಹೇಳಿ ಕಳಿಸಿದರು. ಆಮೇಲೆ ಬೇರೆ ಯಾರೂ ಬರಲಿಲ್ಲ. ಗಂಡಿನವರು ಮನೆಗೆ ಹೋಗುವ ದಾರಿಯಲ್ಲೇ ಅರ್ಧ ತಾಲ್ಲೂಕಿಗೆ ಸುದ್ದಿ ಮುಟ್ಟಿಸಿದ್ದರು.

ಈ ಸಂಗತಿಯನ್ನೆಲ್ಲ ಮೇಡಂಗೆ ನಾನೇ ತಿಳಿಸಿದೆ. ಗಡ್ಡೆ ಎಷ್ಟು ದೊಡ್ಡದಿತ್ತು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ತಾನೇ ಎಂದು ಕೇಳಿದರು. ವೈರಸ್ ಅಡಗಿಸುವ ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ನುಂಗಬೇಕೆಂದು ತಮ್ಮನಿಗೆ ಹೇಳಿ ಕಳಿಸಿದರು. ದಿವ್ಯಳ ಬಗ್ಗೆ ಏನೂ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಹೋದರು. ಕೊನೆಯ ವಾರ ನನ್ನ ಗುರುತೂ ಹತ್ತುತ್ತಿರಲಿಲ್ಲ.

ಮಣ್ಣು ಮಾಡಿದ್ದು ಕಟ್ಟೆಮಳಲವಾಡಿಯ ಹೊಲದಲ್ಲೇ, ಅವರ ಅವ್ವನ ಸಮಾಧಿಯ ಪಕ್ಕ. ಸೊಪ್ಪಿನ ಕಾಲ. ಬ್ಯಾರನ್ ತುಂಬಿ ಬೆಂಕಿ ಹಾಕಿದ್ದರು; ಉರಿ ಏರಿಳಿದರೆ ಒಳಗಿನ ಸೊಪ್ಪೆಲ್ಲ ಹಾಳು. ಕೂಲಿಯವರು ಒಂದು ಹಿಡಿ ಮಣ್ಣು ಹಾಕಿ ಸೌದೆ ಒಟ್ಟಲು ಓಡುತ್ತಿದ್ದರು. ಸುತ್ತಲಿನ ಸಾಲುಗಳಲ್ಲಿ ತಲೆ ಮುರಿದ ಗಿಡಗಳು. ಅಳುವ ಸದ್ದು ಎಲ್ಲೂ ಇರಲಿಲ್ಲ.

ದಿವ್ಯ ವಿಭೂತಿ, ಬಿಲ್ವಪತ್ರೆ ಹಾಕಿ ನನ್ನ ಪಕ್ಕ ಬಂದು ನಿಂತಳು. "ನಂದು ನೆಗೆಟಿವ್ ಅಂತ ಗೊತ್ತಾದ ದಿನ ಅತ್ತೆಗೆ ನಾನೇ ಫೋನ್ ಮಾಡಿದ್ದೆ. ಏನಾದ್ರೂ ಅಂತಾರೇನೋ ಅಂತ. 'ಸರಿ, ಲಸಿಕೆ ಹಾಕ್ಸ್ಕೋ' ಅಂದ್ರು. ಇಟ್ಬುಟ್ರು" ಎಂದಳು.

"ಹಾಕಿಸ್ಕೊಂಡ್ಯಾ?"

"ಹೂಂ."

ಅವಳ ಅಪ್ಪ ಗುಂಡಿಯ ಇನ್ನೊಂದು ಬದಿಯಲ್ಲಿದ್ದ. ಮೈ ಅರ್ಧಕ್ಕೆ ಇಳಿದಿತ್ತು, ಪಕ್ಕೆಯ ಗಾಯಕ್ಕೆ ಕೈ ಒತ್ತಿಕೊಂಡು ನಿಂತಿದ್ದ. ನನ್ನನ್ನು ಗುರುತು ಹಿಡಿದು ಹತ್ತಿರ ಬಂದ.

"ಆವತ್ತು ಅಕ್ಕನ್ ಜೊತೆ ಬಂದಿದ್ದೋಳು ನೀನೇ ಅಲ್ವಾ? ಊರೋರೆಲ್ಲ ಹೇಳ್ತಾವ್ರೆ, ಅಕ್ಕ ಜೀವ ಉಳಿಸುದ್ಲು ಅಂತ. ಅವ್ಳು ಬಾಯ್ ಮುಚ್ಕಂಡಿದ್ದಿದ್ರೆ ನನ್ ಮಗ್ಳು ಮದ್ವೆ ಆಗೋಳು."

"ನೀವು?" ಎಂದೆ.

"ನಾನ್ ಸತ್ತೋಗಿರ್ತಿದ್ದೆ. ಏನೀಗ? ಅದೇ ಒಳ್ಳೇದಿತ್ತು."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿ ಫೋನಿನ ಅಲಾರಂ ಕೂಗಿತು. ಮಂತ್ರ ಹೇಳುತ್ತಿದ್ದ ಅಯ್ಯನವರು ನಿಲ್ಲಿಸಿ ನೋಡಿದರು. ಅವನು ಅಲಾರಂ ಆರಿಸಿ, ಅದೇ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, ಒಂದನ್ನು ಬೆರಳಿನಿಂದ ಒತ್ತಿ ಬಿಡಿಸಿಕೊಂಡ. ಮಗಳು ಕೇಳುವ ಮೊದಲೇ ನೀರಿನ ಬಾಟಲಿ ಚಾಚಿದಳು. ಅಕ್ಕನ ಗುಂಡಿಗೆ ಬೆನ್ನು ಹಾಕಿ ನಿಂತು, ತಲೆಯೆತ್ತಿ, ಅದನ್ನು ನುಂಗಿದ.